ಮ್ಯೂನಿಕ್ ಪುರಭವನದ ಗೋಪುರಗಂಟೆಗಳು: ಗಾಂಧಾರ ಬಂದಾಗ ಮಾತ್ರ ಕಿವಿಗೆ ಒರಟು, ಯಾಕೆ?

ತಂಬೂರಿ_ತಂತಿ:
ಮರಿಯನ್‌ಪ್ಲಾಟ್ಸ್ ಚೌಕದ ಹೊಸ ಪುರಭವನದ ಗ್ಲೊಕನ್‌ಶ್ಪೀಲ್ (ಬೊಂಬೆಗಳು ಕುಣಿಯುವ ಗಂಟೆವಾದ್ಯ) ಬಗ್ಗೆ ಒಂದು ಶ್ರುತಿಯ ಪ್ರಶ್ನೆ. 43 ಗಂಟೆ, 32 ಬೊಂಬೆ, 1908ರಿಂದ ನುಡಿಯುತ್ತಿರುವ ವಾದ್ಯ. ಯಾವ ಧ್ವನಿಮುದ್ರಣ ಕೇಳಿದರೂ ತೊಡಕು ಒಂದೇ ಜಾಗದಲ್ಲಿ ಬರುತ್ತದೆ. ಷಡ್ಜ, ಪಂಚಮ, ತಾರ ಷಡ್ಜ ಹಿತವಾಗಿವೆ. ಶಂಕರಾಭರಣದ ಮೆಟ್ಟಿಲುಗಳಿರುವ ಮೇಜರ್ ಧಾಟಿಯಲ್ಲಿ ಅಂತರ ಗಾಂಧಾರ (ಎರಡು ಗಾಂಧಾರಗಳಲ್ಲಿ ಮೇಲಿನದು) ಬಂತೆಂದರೆ ಮರಳು ಉಜ್ಜಿದ ಹಾಗೆ ಕೇಳುತ್ತದೆ. ಮೈನರ್ ಧಾಟಿಗೆ ತಿರುಗಿದ ಕೂಡಲೇ ಆ ಒರಟು ಮಾಯ.

ಗಂಟೆಯ ಶ್ರುತಿ ಇಳಿದಿದೆಯೋ, ಸುತ್ತಿಗೆಯ ದೋಷವೋ, ಗಂಟೆಯ ಜಾಯಮಾನವೇ ಹೀಗೋ? "ಹಳೇ ಗಂಟೆ, ಹಾಗೇ ಇರತ್ತೆ" ಅನ್ನುವ ಉತ್ತರ ಬೇಡ. ಕಾರಣ ಬೇಕು.

ಕಂಚುಗಾರ:
ಮೂರರಲ್ಲಿ ಮೂರನೆಯದೇ ಮುಖ್ಯ ಕಾರಣ. ಉಳಿದೆರಡೂ ಇರಬಹುದು, ಆದರೆ ಅವು ಗಾಂಧಾರವನ್ನೇ ಹುಡುಕಿಕೊಂಡು ಬರುವುದಿಲ್ಲ.

ತಂತಿಯ ಉಪಸ್ವರಗಳು, ಅಂದರೆ ಮುಖ್ಯ ಸ್ವರದ ಜೊತೆಗೇ ಮೊಳಗುವ ಬೇರೆ ಸ್ವರಗಳು, ಅದರ 1, 2, 3, 4, 5 ಪಟ್ಟಿನಲ್ಲಿ ಸಾಲಾಗಿ ನಿಲ್ಲುತ್ತವೆ. ಗಂಟೆಯದು ಹಾಗಲ್ಲ. ಶ್ರುತಿ ಮಾಡಿದ ಗೋಪುರಗಂಟೆಯೊಂದರ ಹೊಡೆತದ ಸ್ವರ (ಹೊಡೆದ ಕೂಡಲೇ ಕಿವಿ ಹಿಡಿಯುವ ಸ್ವರ) 400 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ಒಳಗೆ ಸಿಗುವುದು ಇಷ್ಟು: 200 ಹರ್ಟ್ಸ್‌ನಲ್ಲಿ ಗುಂಯ್‌ಗುಡುವ ಮಂದ್ರ ಷಡ್ಜ, 400ರಲ್ಲಿ ಷಡ್ಜ, 480ರಲ್ಲಿ ಸಾಧಾರಣ ಗಾಂಧಾರ (ಕೆಳಗಿನ ಗಾಂಧಾರ, ಮೈನರ್ ಧಾಟಿಯದು), 600ರಲ್ಲಿ ಪಂಚಮ, 800ರಲ್ಲಿ ತಾರ ಷಡ್ಜ. ಅದರ ಮೇಲೆ 1000, 1200, 1600ರ ಆಸುಪಾಸು ಇನ್ನಷ್ಟು. ಆ 480 ಇದೆಯಲ್ಲ, ಅದು ಗಂಟೆಯ ಆಕಾರದಿಂದಲೇ ಬರುವ ಸ್ವರ. ಎರಕ ಸರಿಯಿದ್ದಷ್ಟೂ, ಶ್ರುತಿ ಚೊಕ್ಕವಾದಷ್ಟೂ ಅದು ಇನ್ನೂ ಸ್ಪಷ್ಟವಾಗುತ್ತದೆ.

ಈಗ ಧಾಟಿಯಲ್ಲಿ ಸ ಆದ ಮೇಲೆ ಅಂತರ ಗಾಂಧಾರ ಬಂತು. ಅದು ಬೇರೆ ಗಂಟೆ, ಅದರ ಸ್ವರ ಸುಮಾರು 500. ಸ ಗಂಟೆ ಇನ್ನೂ ಮೊಳಗುತ್ತಲೇ ಇರುತ್ತದೆ, ಅದರ 480 ಗಾಳಿಯಲ್ಲಿದೆ. 500ಕ್ಕೂ 480ಕ್ಕೂ ಅಂತರ 20. ಸೆಕೆಂಡಿಗೆ 20 ಬೀಟ್ಸ್, ಅಂದರೆ ಸದ್ದು ಅಷ್ಟು ಸಲ ಏರಿ ಇಳಿಯುತ್ತದೆ. ಎರಡು ಬೀಟ್ಸ್ ಇದ್ದರೆ ಅಲೆಯ ಹಾಗೆ ತೂಗಿ ಹಿತವಾಗಿರುತ್ತದೆ. 20ಕ್ಕೆ ಹೋದರೆ ಕಿವಿ ಎಣಿಸಲಾರದು, ಒರಟು ಅಂತಷ್ಟೇ ಗುರುತಿಸುತ್ತದೆ. ನೀವು ಹೇಳಿದ ಮರಳು ಅದೇ. ಸಮಭಾಗದ ಶ್ರುತಿಯಲ್ಲಿ (ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದು) ಗಾಂಧಾರ 504ರ ಹತ್ತಿರ ಇರುವುದರಿಂದ ಬೀಟ್ಸ್ ಇನ್ನೂ ನಾಲ್ಕು ಹೆಚ್ಚು. ಮೈನರ್ ಧಾಟಿಯಲ್ಲಿ ಗಾಂಧಾರ 476 ಚಿಲ್ಲರೆ, ಸ ಗಂಟೆಯ 480ರ ಪಕ್ಕದಲ್ಲೇ ಕೂರುತ್ತದೆ. ಸೆಕೆಂಡಿಗೆ ನಾಲ್ಕು ಬೀಟ್ಸ್, ಕಿವಿ ಒಪ್ಪುತ್ತದೆ.

ತಂಬೂರಿ_ತಂತಿ:
ಲೆಕ್ಕ ಕೂತಿತು. ಸೊಗಸೆಂದರೆ ತಂಬೂರಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮಂದ್ರ ತಂತಿಯ ಐದನೇ ಉಪಸ್ವರವಾಗಿ ಅಂತರ ಗಾಂಧಾರ ತಾನಾಗಿ ಹುಟ್ಟುತ್ತದೆ, ಅದನ್ನೇ ಸ್ವಯಂಭೂ ಗಾಂಧಾರ ಅನ್ನುವುದು. ತಂಬೂರಿಗೆ ಕಿವಿ ಪಳಗಿದವರಿಗೆ ಗಂಟೆಯ ಸ್ವಯಂಭೂ ಗಾಂಧಾರ ಸಾಧಾರಣ ಗಾಂಧಾರ ಅಂದರೆ ಒಗ್ಗದೇ ಇರುವುದು ಸಹಜ.

ಒಂದು ಸಂಶಯ. ಷಡ್ಜದಷ್ಟೇ ಜೋರಾಗಿ 480 ಕೇಳುವುದಾದರೆ ಒಂದೇ ಗಂಟೆ ಹೊಡೆದಾಗ ಎರಡು ಸ್ವರ ಕೇಳಬೇಕಲ್ಲ?

ಕಂಚುಗಾರ:
ಕೇಳುತ್ತದೆ, ಆದರೆ ತಡವಾಗಿ. ಹೊಡೆದ ಮೊದಲ ಕ್ಷಣದಲ್ಲಿ ಕಿವಿ ಹಿಡಿಯುವುದು ಹೊಡೆತದ ಸ್ವರವನ್ನು. ಇದೊಂದು ವಿಚಿತ್ರ: 800, 1200, 1600 ಇವು ಮೂರೂ 400ರ 2, 3, 4 ಪಟ್ಟು, ಹಾಗಾಗಿ ಕಿವಿಯೇ 400 ಅಂತ ತೀರ್ಮಾನ ಮಾಡುತ್ತದೆ. ಅಲ್ಲಿ ನಿಜವಾದ 400 ಇಲ್ಲದಿದ್ದರೂ ಅಷ್ಟೇ ಕೇಳುತ್ತದೆ. ಶ್ರುತಿ ಮಾಡದ ಹಳೆಯ ಗಂಟೆಗಳಲ್ಲಿ ಒಳಗಿನ ಷಡ್ಜ 380ಕ್ಕೋ 420ಕ್ಕೋ ಜಾರಿರುತ್ತದೆ, ಹೊಡೆತದ ಸ್ವರ ಮಾತ್ರ 400 ಅಂತಲೇ ಕೇಳುತ್ತದೆ.

ಮೇಲಿನ ಉಪಸ್ವರಗಳು ಬೇಗ ಅಡಗುತ್ತವೆ. ಒಂದೆರಡು ಸೆಕೆಂಡ್ ಆದ ಮೇಲೆ ಉಳಿಯುವುದು ಮುಖ್ಯವಾಗಿ ಸಾಧಾರಣ ಗಾಂಧಾರ ಮತ್ತು ತಳದ ಮಂದ್ರ. ಗಂಟೆಯ ನಾದಕ್ಕೆ ಸ್ವಲ್ಪ ದುಃಖದ ಛಾಯೆ ಇರುವುದು ಇದರಿಂದಲೇ. ಗೋಪುರದಲ್ಲಿ ನಾದವನ್ನು ಅಡಗಿಸುವ ಏರ್ಪಾಡು ಇರುವುದಿಲ್ಲ, ಹೊಡೆದದ್ದು ತಾನಾಗಿ ಅಡಗಬೇಕು. ಆದ್ದರಿಂದ ವೇಗದ ಧಾಟಿಯಲ್ಲಿ ಐದಾರು ಗಂಟೆಗಳ ಗಾಂಧಾರಗಳು ಒಂದರ ಮೇಲೊಂದು ಬೀಳುತ್ತವೆ.

ಲೋಹದ ಪಾಕ ಹೇಳಿಬಿಡುತ್ತೇನೆ: ತಾಮ್ರ 78ರಿಂದ 80 ಭಾಗ, ತವರ 20ರಿಂದ 22. ನಮ್ಮ ತಾಳ, ಜಾಗಟೆಯ ಕಂಚೂ ಹೆಚ್ಚುಕಡಿಮೆ ಇದೇ ಪಾಕ. ತವರ ಇನ್ನೂ ಏರಿಸಿದರೆ ಗಂಟೆ ಗಾಜಿನಂತೆ ಒಡೆಯುವ ಗುಣಕ್ಕೆ ಬರುತ್ತದೆ; ಇಳಿಸಿದರೆ ನಾದ ಬೇಗ ಅಡಗುತ್ತದೆ.

ಮೇಜು_ಲೇತು:
ಶ್ರುತಿ ಮಾಡುವ ಕೆಲಸದ ಬಗ್ಗೆ ಸ್ವಲ್ಪ. ಗಂಟೆಯನ್ನು ಬೇಕಾದ್ದಕ್ಕಿಂತ ಒಂಚೂರು ದಪ್ಪಗೆ ಎರಕ ಹೊಯ್ಯುತ್ತಾರೆ. ಬಾಯಿ ಮೇಲೆ ಮಾಡಿ ನಿಲುವು ಲೇತಿಗೆ ಕಟ್ಟಿ, ಒಳಗೋಡೆಯಿಂದ ಸಣ್ಣ ಸಣ್ಣ ಪಟ್ಟಿಯಾಗಿ ಲೋಹ ತೆಗೆಯುತ್ತಾರೆ. ಎಷ್ಟು ಎತ್ತರದಲ್ಲಿ ತೆಗೆದರೆ ಯಾವ ಉಪಸ್ವರ ಎಷ್ಟು ಇಳಿಯುತ್ತದೆ ಅನ್ನುವುದೇ ವಿದ್ಯೆ, ಯಾಕೆಂದರೆ ಒಂದನ್ನು ಇಳಿಸುವಾಗ ಇನ್ನೆರಡು ಜೊತೆಗೆ ಕದಲುತ್ತವೆ. ಗೋಡೆ ತೆಳುವಾದಷ್ಟೂ ಸ್ವರ ಇಳಿಯುತ್ತದೆ. ಒಮ್ಮೆ ಹೆಚ್ಚಾಗಿ ತೆಗೆದರೆ ಮತ್ತೆ ಅಂಟಿಸುವ ಹಾಗಿಲ್ಲ, ಆ ಗಂಟೆ ಕರಗಿಸುವುದಕ್ಕೇ.

ಐದು ಉಪಸ್ವರಗಳನ್ನೂ ಹೀಗೆ ಕೂರಿಸಿದ ಮೊದಲ ಗೋಪುರವಾದ್ಯ ಡಚ್ ಊರು ಜ಼ುಟ್‌ಫೆನ್‌ನದು, 1644. ಎರಕ ಹೊಯ್ದವರು ಹೆಮೊನಿ ಸೋದರರು, ಕಿವಿಯ ನೆರವು ಕೊಟ್ಟವರು ಕೊಳಲು ವಾದಕ ಯಾಕೊಬ್ ಫಾನ್ ಐಕ್. ಅವರ ನಂತರ ಆ ಹದ ಕೈತಪ್ಪಿ, 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಕೈಗೆ ಬಂತು. ಇನ್ನೂರು ವರ್ಷ ಒಂದು ವಿದ್ಯೆ ಕಳೆದುಹೋಗಿತ್ತು ಅನ್ನುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂತರ ಗಾಂಧಾರ ಹೊಮ್ಮುವ ಗಂಟೆಯೂ ಸಾಧ್ಯ. 1985ರ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕಂಪ್ಯೂಟರ್ ಲೆಕ್ಕದಿಂದ ಆಕಾರ ಹುಡುಕಿ ಅಂಥ ಗಂಟೆ ಎರಕ ಹೊಯ್ದರು. ಸೊಂಟದ ಹತ್ತಿರ ಉಬ್ಬು ಇರುತ್ತದೆ, ನೋಡಿದರೆ ತಿಳಿಯುತ್ತದೆ. ಸಾಮಾನ್ಯ ಗೋಪುರಗಳಲ್ಲಿ ಮಾತ್ರ ಹಳೆಯ ಆಕಾರವೇ ನಿಂತಿದೆ.

ಚರಿತ್ರೆ_ಪುಟ:
ಸ್ವಲ್ಪ ಬೇರೆ ಕಡೆ. ಬೊಂಬೆಗಳ ಕಥೆ 1517ರ ಮದುವೆಯದು ಅಂತ ಕೆಲವು ಪ್ರವಾಸಿ ಬರಹಗಳಲ್ಲಿ ಇದೆ. ಅದು ಸರಿಯೇ?

ಇಸಾರ್_ದಂಡೆ:
ಸರಿಯಲ್ಲ. ಎರಡು ಅಂತಸ್ತು, ಎರಡು ಬೇರೆ ಕಥೆ, ಎರಡರ ಇಸವಿ ಕಲಸಿಹೋಗಿದೆ.

ಮೇಲಿನ ಅಂತಸ್ತು 1568ರ ಮದುವೆ. ಗಂಡು ಬವೇರಿಯಾದ ಐದನೇ ವಿಲ್‌ಹೆಲ್ಮ್, ಹೆಣ್ಣು ಲೊರೇನ್ ಮನೆತನದ ರೆನಾಟಾ. ಆಗ ಅವರಿನ್ನೂ ಯುವರಾಜ, ಪಟ್ಟಕ್ಕೆ ಬಂದದ್ದು 1579ರಲ್ಲಿ. ಹೋಫ್‌ಬ್ರಾಯ್‌ಹೌಸ್ ಶುರು ಮಾಡಿಸಿದವರೂ ಇವರೇ. ಮದುವೆಯ ಸಂಭ್ರಮಕ್ಕೆ ಇದೇ ಚೌಕದಲ್ಲಿ ಕುದುರೆಯ ಮೇಲೆ ಈಟಿ ಕಾಳಗದ ಪಂದ್ಯ ನಡೆದಿತ್ತು. ಬಿಳಿ-ನೀಲಿಯ ಸವಾರ ಬವೇರಿಯಾದವನು, ಕೆಂಪು-ಬಿಳಿಯವನು ಲೊರೇನಿನವನು. ಮೊದಲ ಸುತ್ತಿನಲ್ಲಿ ಇಬ್ಬರೂ ಹಾದುಹೋಗುತ್ತಾರೆ. ಎರಡನೇ ಸುತ್ತಿನಲ್ಲಿ ಲೊರೇನಿನವನು ಹಿಂದಕ್ಕೆ ಮಲಗುತ್ತಾನೆ. ದಿನಾ ಸೋಲುವವನು ಅವನೇ.

ಕೆಳಗಿನ ಅಂತಸ್ತು ಪೀಪಾಯಿ ಮಾಡುವವರ ಕುಣಿತ, ಷೆಫ್ಲರ್‌ಟಾನ್ಸ್. ಪ್ಲೇಗಿಗೆ ಹೆದರಿ ಮನೆಯೊಳಗೆ ಕೂತಿದ್ದ ಜನರನ್ನು ಹೊರಗೆ ಕರೆಯಲು 1517ರಲ್ಲಿ ಪೀಪಾಯಿಯವರು ಬೀದಿಯಲ್ಲಿ ಕುಣಿದರು ಅನ್ನುವುದು ಐತಿಹ್ಯ. ದಾಖಲೆಯಲ್ಲಿ ಕುಣಿತ ಸಿಗುವುದು 1702ರಿಂದ. ನಿಜವಾದ ಕುಣಿತ ಏಳು ವರ್ಷಕ್ಕೊಮ್ಮೆ: 2012, 2019, ಆಮೇಲೆ 2026. ಗೋಪುರದಲ್ಲಿ ಮಾತ್ರ ದಿನಾ.

ಎಲ್ಲ ಮುಗಿದ ಮೇಲೆ ತುದಿಯಲ್ಲಿರುವ ಚಿನ್ನದ ಹುಂಜ ಮೂರು ಸಲ ಕೂಗುತ್ತದೆ. ಅದಕ್ಕೆ ಮೊದಲೇ ಜನ ಚದುರುತ್ತಾರೆ, ದಯವಿಟ್ಟು ಕಾಯಿರಿ.

ಹೊತ್ತು: ದಿನಾ ಬೆಳಗ್ಗೆ 11 ಮತ್ತು ಮಧ್ಯಾಹ್ನ 12. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಇದೆ. ರಾತ್ರಿ 9ಕ್ಕೆ ಬೇರೆ ಬೊಂಬೆಗಳು: ಕಾವಲುಗಾರ ಬರುತ್ತಾನೆ, ದೇವತೆ ನಗರದ ಲಾಂಛನವಾದ ಮ್ಯೂನಿಕ್‌ನ ಮಗುವನ್ನು ಮಲಗಿಸಲು ಕರೆದೊಯ್ಯುತ್ತಾಳೆ. ಅದು ಚಿಕ್ಕದು, ಜನ ಕಡಿಮೆ, ಗಂಟೆಯ ಬಾಲನಾದ ಚೆನ್ನಾಗಿ ಕೇಳುವುದು ಆಗಲೇ.

ಸುತ್ತಿಗೆ_ಸ್ಪ್ರಿಂಗ್:
ಮೊದಲ ಪ್ರಶ್ನೆಗೆ ವಾಪಸ್. ಗಾಂಧಾರದ ಒರಟು ಗಂಟೆಯ ಸ್ವಭಾವ ಅನ್ನುವುದು ಸರಿ. ಆದರೆ ಎಲ್ಲ ದೋಷವನ್ನೂ ಆ ಲೆಕ್ಕಕ್ಕೇ ಹಾಕಿಬಿಡಬಾರದು. ಸ್ವಯಂಚಾಲಿತ ಗೋಪುರಗಂಟೆಗಳಲ್ಲಿ ಕೆಡುವುದು ಹೆಚ್ಚಾಗಿ ಸುತ್ತಿಗೆ. ಕೆಳಗೆ ನಿಂತೇ ಬೇರ್ಪಡಿಸಿ ಹೇಳಬಹುದು.

"ಠಕ್" ಅಂತ ಒಣ ಸದ್ದು ಬಂದು ನಾದ ಕೂಡಲೇ ಸತ್ತರೆ, ಸುತ್ತಿಗೆ ಹೊಡೆದು ಹಿಂದೆ ಸರಿಯುತ್ತಿಲ್ಲ, ಗಂಟೆಗೆ ಒತ್ತಿಕೊಂಡೇ ಇದೆ. ಸುತ್ತಿಗೆಯನ್ನು ಎಳೆಯುವ ಕಾಯಿಲ್‌ಗೆ ಹೋಗುವ ವಿದ್ಯುತ್ ಪಲ್ಸ್ ಉದ್ದವಾಗಿದೆ, ಇಲ್ಲವೇ ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿದೆ. "ಝರ್" ಅಂತ ಬಂದರೆ ಸುತ್ತಿಗೆ ವಿಶ್ರಾಂತಿಯಲ್ಲಿದ್ದಾಗಲೂ ಗಂಟೆಗೆ ತಾಗುತ್ತಿದೆ, ಅಥವಾ ತೂಗುಬೋಲ್ಟ್ ಸಡಿಲ. ಸ್ವರ ಸರಿಯಿದ್ದು ಬರೀ ತಗಡಿನಂಥ ಚೂಪು ಸದ್ದಾದರೆ, ಸುತ್ತಿಗೆಯ ಮುಖ ತೇಯ್ದು ಚಪ್ಪಟೆಯಾಗಿದೆ. ತಾಗುವ ಜಾಗ ಅಗಲವಾದಷ್ಟೂ ನಾದದ ಬಣ್ಣ ಕೆಡುತ್ತದೆ. ಒಂದೇ ಗಂಟೆ ಒಂದು ಸಲ ಜೋರು ಒಂದು ಸಲ ಮೆತ್ತಗೆ ಬಂದರೆ ಕೀಲಿನ ಬುಷ್ ತೇಯ್ದಿದೆ, ಸುತ್ತಿಗೆ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಬೀಳುತ್ತಿದೆ.

ಹೊಡೆಯಬೇಕಾದ ಜಾಗ ಬಾಯಂಚಿನ ಸ್ವಲ್ಪ ಮೇಲೆ, ಗೋಡೆ ಅತಿ ದಪ್ಪಗಿರುವ ಉಬ್ಬುಪಟ್ಟಿ. ಒಂದೆರಡು ಬೆರಳು ಮೇಲೆ ಬಿದ್ದರೂ ಉಪಸ್ವರಗಳ ಪ್ರಮಾಣ ಬದಲಾಗಿ ಬೇರೆ ಗಂಟೆಯ ಹಾಗೆ ಕೇಳುತ್ತದೆ.

ಸರಿಪಡಿಸುವ ಕ್ರಮ ಇದು. ಮೊದಲು ವಿದ್ಯುತ್ ಕಡಿದು ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಕೈ ಜೇಬಿನಲ್ಲಿರಲಿ. ಗಂಟೆಗಳ ನಡುವೆ ತಲೆ ಇರುವಾಗ ಗಂಟೆ ಹೊಡೆದರೆ ಕಿವಿಗೆ ಶಾಶ್ವತ ಹಾನಿ. ಕಿವಿಗೆ ರಕ್ಷಣೆ ಕಡ್ಡಾಯ. ಸುತ್ತಿಗೆಯನ್ನು ಕೈಯಿಂದ ಅದರ ಓಟದ ಕೊನೆಯವರೆಗೆ ನಿಧಾನವಾಗಿ ಒತ್ತಿ. ಅಲ್ಲಿ ಅದು ಗಂಟೆಯಿಂದ 2ರಿಂದ 5 ಮಿಲಿಮೀಟರ್ ದೂರ ನಿಲ್ಲಬೇಕು, ದೊಡ್ಡ ಗಂಟೆಗೆ ಇನ್ನೂ ಕೊಂಚ ಹೆಚ್ಚು. ಆ ಕೊನೆಯ ಅಂತರವನ್ನು ಸುತ್ತಿಗೆ ತನ್ನ ಓಟದ ರಭಸದಿಂದಲೇ ದಾಟಿ, ತಾಗಿ, ತಾನಾಗಿ ಹಿಂದೆ ಬರುತ್ತದೆ. ಅಂತರ ಇಲ್ಲದಿದ್ದರೆ ನಾದ ಉಸಿರುಗಟ್ಟುತ್ತದೆ, ಜಾಸ್ತಿಯಾದರೆ ಚಳಿಗಾಲದಲ್ಲಿ ಗ್ರೀಸ್ ಗಟ್ಟಿಯಾದಾಗ ಸುತ್ತಿಗೆ ಗಂಟೆಯನ್ನೇ ತಲುಪುವುದಿಲ್ಲ. ಲಾಕ್‌ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಅರ್ಧ ಮಿಲಿಮೀಟರ್ ಕದಲುತ್ತದೆ.

ಸುತ್ತಿಗೆಯ ಮುಖದ ಲೋಹ ಕಂಚಿಗಿಂತ ಗಡುಸಾಗಿರಬಾರದು. ತೇಯುವುದಾದರೆ ಸುತ್ತಿಗೆ ತೇಯಲಿ. ಗಂಟೆ ತೇದರೆ ಬದಲಿ ಸಿಗುವುದಿಲ್ಲ.

ಕಂಚುಗಾರ:
ಇದಕ್ಕೆ ಗಂಟೆಯ ಕಡೆಯಿಂದ ಎರಡು ಸೇರಿಸುತ್ತೇನೆ.

ಹಳೆಯ ಗಂಟೆಗಳಲ್ಲಿ ನಾಲಿಗೆ ತೂಗುಹಾಕುವ ಕಬ್ಬಿಣದ ಕೊಂಡಿಯನ್ನು ಎರಕದ ಜೊತೆಗೇ ನೆತ್ತಿಯಲ್ಲಿ ಹುದುಗಿಸಿರುತ್ತಾರೆ. ತೇವ ಸೇರಿ ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಕಂಚು ಹಿಗ್ಗುವುದಿಲ್ಲ, ನೆತ್ತಿ ಬಿರಿಯುತ್ತದೆ. ಬಿರುಕು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ: ಬಾಲನಾದ ಅರ್ಧಕ್ಕೇ ಕಡಿದುಹೋಗುತ್ತದೆ. ಕೊಂಡಿಯನ್ನು ಕೊರೆದು ತೆಗೆದು, ನೆತ್ತಿಯ ಮೂಲಕ ತುಕ್ಕು ಹಿಡಿಯದ ಬೋಲ್ಟ್ ಹಾಯಿಸಿ, ಉಕ್ಕಿನ ತೊಲೆಗೂ ಕಂಚಿಗೂ ನಡುವೆ ತಾಗದಂತೆ ಪ್ಯಾಡ್ ಇಡುವುದು ಪರಿಹಾರ. ಎರಡು ಲೋಹ ತೇವದಲ್ಲಿ ನೇರ ತಾಗಿದರೆ ಉಕ್ಕು ಬೇಗ ತಿನ್ನಿಸಿಕೊಳ್ಳುತ್ತದೆ.

ಇನ್ನೊಂದು ನಗರದ ಹೊಗೆ. ಗಂಧಕದ ಅಂಶವಿರುವ ತೇವ ಗಾಳಿ ಕಂಚಿನ ಮೈಯನ್ನು ಪದರ ಪದರವಾಗಿ ತಿನ್ನುತ್ತದೆ. ದೊಡ್ಡ ಗಂಟೆಯ ದಪ್ಪ ಗೋಡೆಗೆ ಅದು ಲೆಕ್ಕಕ್ಕಿಲ್ಲ. ಬೆರಳುದಪ್ಪದ ಗೋಡೆಯ ಪುಟ್ಟ ಗಂಟೆಗೆ ಅಷ್ಟೇ ಸವೆತ ದೊಡ್ಡ ಪಾಲು. ಹಾಗಾಗಿ ದಶಕಗಳು ಕಳೆದಂತೆ ತಾರಸ್ಥಾಯಿಯ ಗಂಟೆಗಳು ಇಳಿಯುತ್ತವೆ, ಮಂದ್ರದವು ನಿಂತಲ್ಲೇ ಇರುತ್ತವೆ. "ಮೇಲಿನ ಸ್ವರಗಳು ಮಾತ್ರ ಬೇಸೂರು" ಅಂತ ಯಾರಾದರೂ ಹೇಳಿದರೆ ಮೊದಲ ಅನುಮಾನ ಇದರ ಮೇಲೆ. ಪಾರಿವಾಳದ ಹಿಕ್ಕೆಯೂ ಇದೇ ಕೆಲಸ ಮಾಡುತ್ತದೆ, ಅದಕ್ಕೆ ಬಲೆ ಬೇಕು. ಬಲೆಯ ಕಣ್ಣು ಪಾರಿವಾಳ ನುಗ್ಗದಷ್ಟು ಸಣ್ಣದಾಗಿರಲಿ; ದಾರ ತೆಳುವಾಗಿರಲಿ, ದಪ್ಪಗಿದ್ದರೆ ನಾದವನ್ನೂ ತಡೆಯುತ್ತದೆ.

ಮ್ಯೂನಿಕ್‌ನದು 2007ರಲ್ಲಿ ದುರಸ್ತಿಯಾಯಿತು, 2008ರಲ್ಲಿ ನಗರಕ್ಕೆ 850 ವರ್ಷ ತುಂಬುವುದಿತ್ತು. ಆದ್ದರಿಂದ ಹಳೆಯ ಧ್ವನಿಮುದ್ರಣ ಕೇಳಿ ಇವತ್ತಿನ ಗಂಟೆಯ ಶ್ರುತಿ ತೀರ್ಮಾನಿಸಬೇಡಿ. ಯಾವ ವರ್ಷದ್ದು ಅಂತ ಮೊದಲು ನೋಡಿ.

ಕಪ್ಪುಬಿಳಿ_ಮನೆ:
ಒಂದು ಪದದ ಗೊಂದಲ. ಗ್ಲೊಕನ್‌ಶ್ಪೀಲ್ ಮತ್ತು ಕ್ಯಾರಿಲಾನ್ ಎರಡೂ ಒಂದೇ ಅಲ್ಲವೇ? ಆರ್ಕೆಸ್ಟ್ರಾದಲ್ಲಿ ಕಡ್ಡಿಯಿಂದ ನುಡಿಸುವ ಲೋಹದ ಪಟ್ಟಿಗಳ ವಾದ್ಯಕ್ಕೂ ಇದೇ ಹೆಸರು.

ಮೇಜು_ಲೇತು:
ಜರ್ಮನ್‌ನಲ್ಲಿ ಗ್ಲೊಕನ್‌ಶ್ಪೀಲ್ ಅಂದರೆ ಗಂಟೆಗಳ ವಾದನ, ಅಷ್ಟೇ. ಪಟ್ಟಿವಾದ್ಯಕ್ಕೂ ಸಲ್ಲುತ್ತದೆ, ಬೊಂಬೆ ಗಡಿಯಾರಕ್ಕೂ ಸಲ್ಲುತ್ತದೆ. ಕ್ಯಾರಿಲಾನ್ ಅನ್ನುವುದಕ್ಕೆ ಕಟ್ಟುಪಾಡಿದೆ: ಶ್ರುತಿ ಮಾಡಿದ ಕನಿಷ್ಠ 23 ಗಂಟೆ ಇರಬೇಕು, ಹಿಡಿಕೆಗಳ ಮಣೆಯಿಂದ ಮನುಷ್ಯ ನುಡಿಸುವಂತಿರಬೇಕು. ಗಂಟೆಗಳು ತೂಗುವುದಿಲ್ಲ, ಅಲುಗದಂತೆ ಬಿಗಿದಿರುತ್ತಾರೆ, ನಾಲಿಗೆ ಮಾತ್ರ ಚಲಿಸುತ್ತದೆ.

ಮ್ಯೂನಿಕ್‌ನಲ್ಲಿ ಪ್ರವಾಸಿಗರು ಕೇಳುವುದು ಯಂತ್ರದ ವಾದನ. ಕೊಲೋನ್‌ನ ಹಳೆಯ ಪುರಭವನದ ಗೋಪುರದಲ್ಲಿ 48 ಗಂಟೆಗಳಿವೆ; ಗೋಪುರ ಕಟ್ಟಿದ್ದು 1407ರಿಂದ 1414ರಲ್ಲಿ, ಯುದ್ಧದಲ್ಲಿ ಕುಸಿದು ಮತ್ತೆ ಎದ್ದದ್ದು. ಸಂಖ್ಯೆಯಲ್ಲಿ ದೊಡ್ಡದು ಬೇಕಾದರೆ ಹಾಲೆ ಊರಿನ ಕೆಂಪು ಗೋಪುರ, 76 ಗಂಟೆ. ಅದು ಪುರಭವನದ್ದಲ್ಲ, ಮಾರುಕಟ್ಟೆ ಚೌಕದ ಗೋಪುರ.

ಕೈವಾದನದ ಮಣೆಯಲ್ಲಿ ಕೋಲಿನಂಥ ಹಿಡಿಕೆಗಳು. ಸಡಿಲವಾಗಿ ಮುಷ್ಟಿ ಕಟ್ಟಿ ಕಿರುಬೆರಳಿನ ಪಕ್ಕದಿಂದ ಒತ್ತಬೇಕು, ಇಳಿತ ಸುಮಾರು 5 ಸೆಂಟಿಮೀಟರ್. ದೊಡ್ಡ ಗಂಟೆಗಳಿಗೆ ಕಾಲುಮಣೆ. ಹಿಡಿಕೆಯಿಂದ ನಾಲಿಗೆಯವರೆಗೆ ಉಕ್ಕಿನ ತಂತಿ. ಎಷ್ಟು ರಭಸದಿಂದ ಒತ್ತಿದರೆ ಅಷ್ಟು ಜೋರು, ಮೆಲ್ಲಗೆ ಒತ್ತಿದರೆ ಪಿಸುಮಾತು. ಯಂತ್ರದ ಸುತ್ತಿಗೆಗೆ ಇಷ್ಟು ಹದ ಬರುವುದಿಲ್ಲ, ಹಾಗಾಗಿ ಗಾಂಧಾರದ ಗಂಟೆಯೂ ಷಡ್ಜದಷ್ಟೇ ಜೋರಾಗಿ ಬೀಳುತ್ತದೆ. ಕೈಯಲ್ಲಿ ನುಡಿಸುವವರು ಅಲ್ಲೇ ಕೈ ಹಗುರ ಮಾಡುತ್ತಾರೆ. ಅದೇ ಧಾಟಿ ಕ್ಯಾರಿಲಾನ್‌ನಲ್ಲಿ ಸಹ್ಯವಾಗಿ ಕೇಳುವುದಕ್ಕೆ ಇದೊಂದು ದೊಡ್ಡ ಕಾರಣ.

ಸುತ್ತಿಗೆ_ಸ್ಪ್ರಿಂಗ್:
ತಂತಿ ಅಂದದ್ದಕ್ಕೆ ಒಂದು ಲೆಕ್ಕ. 10 ಮೀಟರ್ ಉಕ್ಕಿನ ತಂತಿ, ಚಳಿಗೂ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ: ಉದ್ದ 3.6 ಮಿಲಿಮೀಟರ್ ಬದಲಾಗುತ್ತದೆ. ಬೇಸಗೆಯಲ್ಲಿ ತಂತಿ ಜೋಲು, ಹಿಡಿಕೆ ಸಡಿಲ, ನಾಲಿಗೆ ಗಂಟೆಯಿಂದ ದೂರ. ಚಳಿಗಾಲದಲ್ಲಿ ತಂತಿ ಕುಗ್ಗಿ ನಾಲಿಗೆಯನ್ನು ಗಂಟೆಯ ಮೈಗೇ ಎಳೆದು ನಿಲ್ಲಿಸುತ್ತದೆ. ಹಿಡಿಕೆಯ ಮೇಲಿರುವ ತಿರುಪನ್ನು ಪ್ರತಿ ವಾದನಕ್ಕೂ ಮೊದಲು ಹೊಂದಿಸಿಕೊಳ್ಳಬೇಕು, ಪಿಟೀಲಿನ ಬಿರಡೆಯ ಹಾಗೆ.

ಬಿಸಿಲಿಗೆ ಗಂಟೆಯ ಸ್ವರವೂ ತುಸು ಇಳಿಯುತ್ತದೆ. ಆದರೆ ಎಲ್ಲ ಗಂಟೆಗಳೂ ಒಟ್ಟಿಗೆ ಇಳಿಯುವುದರಿಂದ ತಮ್ಮತಮ್ಮೊಳಗೆ ಬೇಸೂರಾಗುವುದಿಲ್ಲ. ಕೆಳಗೆ ಬ್ಯಾಂಡಿನ ಜೊತೆ ನುಡಿಸುವಾಗ ಮಾತ್ರ ತಲೆನೋವು.

ಚರಿತ್ರೆ_ಪುಟ:
ಲ್ಯೂನೆಬುರ್ಗ್ ಪುರಭವನದಲ್ಲಿ ಪಿಂಗಾಣಿ ಗಂಟೆಗಳಿವೆಯಲ್ಲ. ಅಲ್ಲೂ ಇದೇ ಗಾಂಧಾರವೇ?

ಮೇಜು_ಲೇತು:
41 ಮೈಸನ್ ಪಿಂಗಾಣಿ ಗಂಟೆಗಳು, 1956ರಲ್ಲಿ ಊರಿನ ಸಾವಿರ ವರ್ಷದ ಹಬ್ಬಕ್ಕೆ ಕೂರಿಸಿದವು. ನುಡಿಸುವುದು ಅದೇ ಊರಲ್ಲಿ 1747ರಲ್ಲಿ ಹುಟ್ಟಿದ ಯೋಹಾನ್ ಆಬ್ರಹಾಮ್ ಪೀಟರ್ ಶುಲ್ಸ್ ಅವರ ಧಾಟಿಗಳು. ಪಿಂಗಾಣಿ ಗೋಪುರಗಂಟೆಗಳ ಪರಂಪರೆ ಶುರುವಾದದ್ದು ಮೈಸನ್ ಊರಿನ ಫ್ರೌವನ್‌ಕಿರ್ಶೆ ಚರ್ಚಿನಲ್ಲಿ, 1929ರಲ್ಲಿ, 37 ಗಂಟೆಗಳೊಂದಿಗೆ.

ಪಿಂಗಾಣಿಯ ನಾದ ಬೇಗ ಅಡಗುತ್ತದೆ. ಹಿಂದಿನ ಗಂಟೆಯ ಬಾಲ ಮುಂದಿನ ಸ್ವರಕ್ಕೆ ಅಡ್ಡ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ, ಹಾಗಾಗಿ ಬೀಟ್ಸ್ ಕಾಟ ಕಡಿಮೆ. ಬದಲಿಗೆ ಸದ್ದೂ ಸಣ್ಣದು, ಚೌಕದಲ್ಲಿ ಗದ್ದಲವಿದ್ದರೆ ಕೇಳಿಸದು. ಮಾಡುವ ಕಷ್ಟ ಬೇರೆ ತರಹದ್ದು: ಸುಡುವಾಗ ಪಿಂಗಾಣಿ ಪ್ರತಿ ಅಳತೆಯಲ್ಲೂ ಸುಮಾರು ಆರನೇ ಒಂದು ಪಾಲು ಕುಗ್ಗುತ್ತದೆ. ಮುಂಚೆಯೇ ಅಷ್ಟು ದೊಡ್ಡದಾಗಿ ಮಾಡಬೇಕು, ಸುಟ್ಟ ಮೇಲೆ ಉಜ್ಜಿ ಶ್ರುತಿ ಕೂರಿಸಬೇಕು. ಒಲೆಯಲ್ಲಿ ಒಂದಿಷ್ಟು ಸೊಟ್ಟಗಾದರೂ ಆ ಗಂಟೆ ಹೋಯಿತು.

ಇಸಾರ್_ದಂಡೆ:
ಎಲ್ಲಿ ನಿಂತು ಕೇಳಬೇಕು ಅನ್ನುವುದನ್ನೂ ಬರೆಯುತ್ತೇನೆ, ಶ್ರುತಿಯ ಮಾತಿಗೆ ಅದೂ ಸೇರುತ್ತದೆ. ಗೋಪುರದ ಬುಡದಲ್ಲಿ ನಿಂತರೆ ಕತ್ತು ನೋವು, ನಾದವೂ ತಲೆಯ ಮೇಲಿಂದ ಹಾದುಹೋಗುತ್ತದೆ. ಚೌಕದ ಎದುರು ಬದಿಗೆ ಸರಿಯಿರಿ, ಆದರೆ ಎದುರಿನ ಗೋಡೆಗೆ ಒರಗಬೇಡಿ. ಗೋಡೆಯ ಪ್ರತಿಧ್ವನಿ ಸೇರಿ ಪ್ರತಿ ಸ್ವರವೂ ಎರಡಾಗಿ ಕೇಳುತ್ತದೆ. 340 ಮೀಟರಿಗೆ ಒಂದು ಸೆಕೆಂಡ್ ಲೆಕ್ಕದಲ್ಲಿ 50 ಮೀಟರ್ ಹೆಚ್ಚುವರಿ ದಾರಿ ಅಂದರೆ 0.15 ಸೆಕೆಂಡ್ ತಡ. ವೇಗದ ಧಾಟಿಯನ್ನು ಕಲಸಿಹಾಕಲು ಅಷ್ಟು ಸಾಕು.

ಬೊಂಬೆಗಳನ್ನು ಎತ್ತರದಿಂದ ನೋಡಬೇಕಾದರೆ ಪೇಟರ್ಸ್‌ಕಿರ್ಶೆ ಚರ್ಚಿನ ಗೋಪುರ ಹತ್ತಿ, 306 ಮೆಟ್ಟಿಲು. ಪುರಭವನದ 85 ಮೀಟರ್ ಗೋಪುರಕ್ಕೆ ಲಿಫ್ಟ್ ಇದೆ, ಆದರೆ ಅಲ್ಲಿಂದ ಬೊಂಬೆ ಕಾಣುವುದಿಲ್ಲ, ಅವು ನಿಮ್ಮ ಕಾಲ ಕೆಳಗಿರುತ್ತವೆ.

ಗೋಪುರ_ಗಡಿಯಾರ:
ಯಂತ್ರದ ಹೊತ್ತು ಹಿಡಿಯುವ ಭಾಗ ಯಾರೂ ಹೇಳಲಿಲ್ಲ. ಹಳೆಯ ಗೋಪುರಗಳಲ್ಲಿ ಧಾಟಿ ಇರುತ್ತಿದ್ದದ್ದು ಮೊಳೆ ಚುಚ್ಚಿದ ಉರುಳೆಯಲ್ಲಿ. ಉರುಳೆ ತಿರುಗಿದಂತೆ ಮೊಳೆ ಸನ್ನೆಗೋಲನ್ನು ಎತ್ತಿ ಬಿಡುತ್ತದೆ, ಸುತ್ತಿಗೆ ಬೀಳುತ್ತದೆ. ಧಾಟಿ ಬದಲಿಸುವುದೆಂದರೆ ಮೊಳೆಗಳನ್ನು ಕಿತ್ತು ಮತ್ತೆ ನೆಡುವುದು. ಆಮೇಲೆ ತೂತು ಕೊರೆದ ಪಟ್ಟಿ ಬಂತು, ಈಗ ಕಂಪ್ಯೂಟರ್. ಜರ್ಮನಿಯ ಇಂಥ ಗಡಿಯಾರಗಳು ಹೊತ್ತು ತಿದ್ದಿಕೊಳ್ಳುವುದು ಫ್ರಾಂಕ್‌ಫರ್ಟ್ ಹತ್ತಿರದ ಮೈನ್‌ಫ್ಲಿಂಗನ್‌ನಿಂದ ಬರುವ 77.5 ಕಿಲೋಹರ್ಟ್ಸ್ ರೇಡಿಯೋ ಸಂಕೇತದಿಂದ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದೆ ಹಿಂದೆ ಆಗುವುದೂ ಅದರಲ್ಲೇ ಬರುತ್ತದೆ. ಗೋಪುರದ ಉಕ್ಕಿನ ಚೌಕಟ್ಟು ಆ ಸಂಕೇತವನ್ನು ನುಂಗಿಬಿಡುತ್ತದೆ, ಆಂಟೆನಾ ಕಿಟಕಿಯ ಹೊರಗೆ ಇರಬೇಕು. ಕಾಯಿಲ್‌ಗಳಿಂದಲೂ ಅದು ದೂರವಿರಬೇಕು.

ಇನ್ನೊಂದು ಸೂಕ್ಷ್ಮ. ಭಾರದ ಸುತ್ತಿಗೆ ನಿಧಾನ, ಪುಟ್ಟದು ಚುರುಕು. ಒಂದೇ ಕ್ಷಣಕ್ಕೆ ಎರಡಕ್ಕೂ ಆಜ್ಞೆ ಕೊಟ್ಟರೆ ಪುಟ್ಟದು ಮೊದಲು ಬೀಳುತ್ತದೆ, ತಾಳ ಕುಂಟುತ್ತದೆ. ಪ್ರತಿ ಸುತ್ತಿಗೆಗೂ ಎಷ್ಟು ಮಿಲಿಸೆಕೆಂಡ್ ಮುಂಚೆ ಆಜ್ಞೆ ಹೋಗಬೇಕು ಅಂತ ಕೋಷ್ಟಕ ಇಡಬೇಕು. ಸ್ಪ್ರಿಂಗ್ ಬದಲಿಸಿದ ಮೇಲೆ ಕೋಷ್ಟಕ ತಿದ್ದಲು ಮರೆಯುವುದೇ ಸಾಮಾನ್ಯ ತಪ್ಪು.

ತಂಬೂರಿ_ತಂತಿ:
ಎಲ್ಲರಿಗೂ ವಂದನೆ. ಹಾಗಾದರೆ ಗಂಟೆಗೆ ಧಾಟಿ ಬರೆಯುವವರು ಅಂತರ ಗಾಂಧಾರವನ್ನು ಬಿಟ್ಟೇಬಿಡಬೇಕಾ? ಹಿಂದೋಳಕ್ಕೆ ಸಾಧಾರಣ ಗಾಂಧಾರ, ಅದು ಒಪ್ಪುತ್ತದೆ. ಮೋಹನವನ್ನು ಗಂಟೆಯಲ್ಲಿ ಕೇಳುವ ಭಾಗ್ಯವೇ ಇಲ್ಲವೇ?

ಕಂಚುಗಾರ:
ಇದೆ. ಗಾಂಧಾರವನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ಸ 400 ಆದರೆ ತಾರ ಅಂತರ ಗಾಂಧಾರ 1000. ಮೇಲೆ ಬರೆದ ಪಟ್ಟಿ ನೋಡಿ, ಸ ಗಂಟೆಯ ಒಳಗೇ 1000ದ ಆಸುಪಾಸು ಒಂದು ಉಪಸ್ವರ ಇದೆ. ಕೆಳಗೆ ಜಗಳವಾಡುವ ಸ್ವರ ಅಲ್ಲಿ ತನ್ನ ಜೊತೆಗಾರನನ್ನೇ ಕಂಡುಕೊಳ್ಳುತ್ತದೆ. ಗಂಟೆಗಾಗಿ ಧಾಟಿ ಹೊಂದಿಸುವವರು ಸ-ಗ ಒಟ್ಟಿಗೆ ಬರುವಲ್ಲಿ ನಡುವೆ ಸ್ಥಾಯಿ ಬಿಡುವುದು ಇದಕ್ಕೇ. ಮಂದ್ರದಲ್ಲಿ ಸ, ಪ ಮಾತ್ರ ಇಡಿ, ಅವೂ ವಿರಳವಾಗಿರಲಿ. ಗಾಂಧಾರಕ್ಕೆ ಮೊದಲು ಒಂದು ಅಕ್ಷರ ಬಿಡುವು ಕೊಟ್ಟರೆ ಸ ಗಂಟೆಯ ಬಾಲ ತುಸು ತಗ್ಗಿರುತ್ತದೆ.

ತಂಬೂರಿ_ತಂತಿ:
ಕೊನೆಯದು. ಧ್ವನಿಮುದ್ರಣವೊಂದನ್ನು ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗೆ ಹಾಕಿದರೆ ಒಂದು ಗಂಟೆಯ ಮಂದ್ರದ ಗೆರೆ ಒಂದಲ್ಲ, ಅಂಟಿಕೊಂಡ ಎರಡು. ಕಿವಿಗೂ "ಊಂ ಊಂ" ಅಂತ ತೂಗುವುದು ಕೇಳುತ್ತದೆ. ಇದು ಬಿರುಕೇ?

ಕಂಚುಗಾರ:
ಬಿರುಕಾಗಿದ್ದರೆ ನಾದ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಗಂಟೆ ಪೂರ್ತಿ ದುಂಡಗಿಲ್ಲದಿದ್ದರೆ ಒಂದೇ ಉಪಸ್ವರ ಕೂದಲೆಳೆ ಅಂತರದ ಎರಡಾಗಿ ಒಡೆಯುತ್ತದೆ. ಎರಡೂ ಒಟ್ಟಿಗೆ ಮೊಳಗಿದರೆ ತೂಗಾಟ. ಲೋಹ ಮುಟ್ಟದೆ ಸರಿ ಮಾಡಬಹುದು: ಗಂಟೆಯನ್ನು ತೂಗುಬೋಲ್ಟಿನ ಮೇಲೆ ತಿರುಗಿಸಿ ಸುತ್ತಿಗೆ ಬೀಳುವ ಜಾಗ ಬದಲಿಸಿ. ಮಂದ್ರಕ್ಕೆ ಆ ಎರಡು ಕಂಪನಗಳ ಉಬ್ಬುಜಾಗಗಳ ನಡುವೆ 45 ಡಿಗ್ರಿ ಇರುತ್ತದೆ, ತೀರಾ ಕೆಟ್ಟದಾಗಿ ತೂಗುವುದು ಸರಿಯಾಗಿ ನಡುವೆ ಹೊಡೆದಾಗ. ಹಾಗಾಗಿ 22.5 ಡಿಗ್ರಿ ತಿರುಗಿಸಿದರೆ ಒಂದು ಮಾತ್ರ ಮೊಳಗಿ ಇನ್ನೊಂದು ಸುಮ್ಮನಾಗುತ್ತದೆ. ಸಾಧಾರಣ ಗಾಂಧಾರವೇ ತೂಗುತ್ತಿದ್ದರೆ ಉಬ್ಬುಗಳ ನಡುವೆ 30 ಡಿಗ್ರಿ, ತಿರುಗಿಸಬೇಕಾದದ್ದು 15.

ಮೊದಲು ರಬ್ಬರ್ ಸುತ್ತಿಗೆಯಿಂದ ಗಂಟೆಯ ಸುತ್ತ ಐದೈದು ಡಿಗ್ರಿಗೆ ಒಂದರಂತೆ ಮೆಲ್ಲಗೆ ತಟ್ಟಿ ಕೇಳಿ, ತೂಗಾಟ ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಬೋಲ್ಟ್ ಸಡಿಲಿಸಿ.

ಸುತ್ತಿಗೆ_ಸ್ಪ್ರಿಂಗ್:
ಬೋಲ್ಟ್ ಸಡಿಲಿಸುವ ಮೊದಲು ಗಂಟೆಯ ಭಾರವನ್ನು ಚೈನ್‌ಬ್ಲಾಕಿಗೆ (ಭಾರ ಎತ್ತುವ ಸರಪಳಿ ರಾಟೆ) ಹೊರಿಸಿ. ತಿರುಗಿಸಿದ ಮೇಲೆ ಹಳೇ ಪ್ಯಾಡ್ ವಾಪಸ್ ಹಾಕಬೇಡಿ. ಅದು ಹಿಂದಿನ ಜಾಗಕ್ಕೆ ಅಚ್ಚೊತ್ತಿರುತ್ತದೆ, ಗಂಟೆ ಓರೆಯಾಗಿ ಕೂರುತ್ತದೆ. ಹೊಸ ಪ್ಯಾಡ್ ತಗ್ಗುವುದಕ್ಕೆ ಎರಡು ವಾರ ಬಿಟ್ಟು ಬೋಲ್ಟ್ ಮತ್ತೊಮ್ಮೆ ಬಿಗಿದು, ಸುತ್ತಿಗೆಯ ಅಂತರ ಆಮೇಲೆ ಅಳೆಯಿರಿ.